ಕಡಲಾಚೆಗೆ ಹೋಗುವ ತವರು

ಹಿಂದೆ ಹೆಣ್ಣುಮಗಳು ಬಾಣಂತನಕ್ಕೆಂದು ತವರುಮನೆಗೆ ಬರುತ್ತಿದ್ದಳು. ಈಗ ತವರೇ ಅವಳಿದ್ದಲ್ಲಿಗೆ ಹೋಗಬೇಕಾದ ಕಾಲ ಬಂದಿದೆ. ಮಗಳೋ ಸೊಸೆಯೋ ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ, ಇಲ್ಲವೆ ಆಸ್ಟ್ರೇಲಿಯದಲ್ಲಿ ನೆಲಸಿರುವ ಮನೆಗಳು ನಮ್ಮ ಊರುಗಳಲ್ಲಿ ಬೀದಿಗೆ ಒಂದೆರಡಾದರೂ ಸಿಗುವುವು. ಆ ಮನೆಗೆ ಶುಭಸಮಾಚಾರ ಬಂದೊಡನೆಯೇ ಅಂಟಿನುಂಡೆಗೆ ಕೊಬ್ಬರಿ ತುರಿಯುವುದೇನು, ಬಾಣಂತಿ ಖಾರಕ್ಕೆ ಮೆಣಸು ಹುರಿಯುವುದೇನು, ಕೂಸಿಗೆ ಕುಲಾವಿ ಹೊಲಿಯುವುದೇನು, ಸಂಭ್ರಮವೇ ಸಂಭ್ರಮ! ಪೆಟ್ಟಿಗೆಯ ತೂಕವನ್ನು ನಾಲ್ಕು ಸಲ ನೋಡುವರು. ಪಾಸ್‌ಪೋರ್ಟು, ವೀಸಾಗಳನ್ನು ಹತ್ತು ಸಲ ನೋಡುವರು. ಆದರೆ ಹೊರಟು ನಿಂತಿರುವಾಕೆಯ ರಕ್ತದ ಒತ್ತಡವೆಷ್ಟು, ಮೆಟ್ಟಿಲು ಹತ್ತುವಾಗ ಆಕೆಗೆ ಏದುಸಿರು ಬರುವುದೇಕೆ ಎಂಬುದನ್ನು ವಿಚಾರಿಸುವವರು ವಿರಳ. ಆದುದರಿಂದ ಈ ತಿಂಗಳು ದೂರದೇಶಕ್ಕೆ ಪ್ರಯಾಣಮಾಡುವ ಹಿರಿಯರು ತಮ್ಮ ಆರೋಗ್ಯವನ್ನು ಹೇಗೆ ಕಾಪಾಡಿಕೊಳ್ಳಬೇಕೆಂಬುದನ್ನು ಕುರಿತು ನಾಲ್ಕು ಮಾತು ಹೇಳುವುದು ಯುಕ್ತವೆಂದು ತೋರಿತು.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಇಡಿಯ ಜನಪದವನ್ನೇ ಹಾಳುಮಾಡುವ ವ್ಯಾಧಿಗಳ ವಿಚಾರವಾಗಿ ಒಂದು ಅಧ್ಯಾಯವಿದೆ. ಇಲ್ಲಿ ವಿಮಾನವೆಂದರೆ ಆಕಾಶದಲ್ಲಿ ಹಾರುವ ಯಾನವಲ್ಲ; ವಿಶೇಷವಾದ ಮಾನ, ಎಂದರೆ ಅಳತೆ, ಎಂದರ್ಥ. ಮನುಷ್ಯರ ಪ್ರಕೃತಿ, ಆಹಾರ, ವಯಸ್ಸುಗಳು ಬೇರೆಬೇರೆಯಾಗಿದ್ದರೂ ಎಲ್ಲರಿಗೂ ಸಮಾನವಾಗಿರುವ ವಸ್ತುಗಳು ನಾಲ್ಕು: ವಾಯು, ಜಲ, ದೇಶ, ಕಾಲ. ಇವು ಕೆಟ್ಟರೆ ಒಂದೇ ಸಮಯದಲ್ಲಿ ಅನೇಕರು ರೋಗಕ್ಕೆ ತುತ್ತಾಗುವರೆಂದೂ, ಈ ನಾಲ್ಕರಲ್ಲಿ ಒಂದಕ್ಕಿಂತ ಮುಂದಿನದು ತಪ್ಪಿಸಿಕೊಳ್ಳಲು ಹೆಚ್ಚು ಕಷ್ಟವಾದುದೆಂದೂ ಅಲ್ಲಿ ಹೇಳಿದೆ. ಆಚಾರ್ಯರು ಹೇಳಿದ್ದು ಸಾಂಕ್ರಾಮಿಕ ವ್ಯಾಧಿಗಳ ವಿಷಯದಲ್ಲಿ, ಪ್ರಯಾಣದ ವಿಷಯದಲ್ಲಲ್ಲ. ಆದರೂ ದೂರದೇಶಕ್ಕೆ ಹಾರುವವನಿಗೆ ಈ ನಾಲ್ಕೂ ಒಂದೇ ದಿನದಲ್ಲಿ ಬದಲಾಗುತ್ತವೆಯಾದ್ದರಿಂದ ಈ ವಿಂಗಡಣೆ ನಮಗೂ ಉಪಯುಕ್ತವಾಗಿದೆ. ಹಡಗಿನಲ್ಲಿ ವಾರಗಟ್ಟಲೆ ಸಾಗುತ್ತಿದ್ದ ಕಾಲದಲ್ಲಿ ದೇಹಕ್ಕೆ ಹೊಂದಿಕೊಳ್ಳಲು ಅವಕಾಶವಿತ್ತು. ವಿಮಾನವು ಆ ಅವಕಾಶವನ್ನು ಕೊಡುವುದಿಲ್ಲ.

ಹೊರಡುವ ಮುನ್ನ

ಪ್ರಯಾಣಕ್ಕೆ ಕನಿಷ್ಠಪಕ್ಷ ಆರು ವಾರಗಳ ಮೊದಲೇ ವೈದ್ಯರನ್ನು ಕಾಣತಕ್ಕದ್ದು. ಹೊರಡುವ ಹಿಂದಿನ ದಿನ ಕಂಡರೆ ವೈದ್ಯರು ಮಾಡುವುದಾದರೂ ಏನು? ರಕ್ತದ ಒತ್ತಡಕ್ಕೆ ಔಷಧವನ್ನು ಬದಲಾಯಿಸಿದರೆ ಅದು ಮೈಗೆ ಒಗ್ಗಿತೇ ಇಲ್ಲವೇ ಎಂಬುದನ್ನು ತಿಳಿಯಲು ಕೆಲವು ವಾರಗಳಾದರೂ ಬೇಕು. ಹಲ್ಲುನೋವಿದ್ದರೆ ಇಲ್ಲಿಯೇ ತೋರಿಸಿಕೊಂಡು ಹೋಗುವುದು ಮೇಲು. ಅಲ್ಲಿ ದಂತವೈದ್ಯಕ್ಕೆ ತಗಲುವ ವೆಚ್ಚ ಹೇರಳ. ಈಚೆಗೆ ಹೃದಯಾಘಾತವಾದವರು, ಹೊಟ್ಟೆಯ ಅಥವಾ ಎದೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ವೈದ್ಯರ ಅನುಮತಿಯಿಲ್ಲದೆ ವಿಮಾನ ಹತ್ತಕೂಡದು. ಅಕ್ಷಿಪಟಲದ ಚಿಕಿತ್ಸೆಗಾಗಿ ಕಣ್ಣಿನೊಳಗೆ ಅನಿಲದ ಗುಳ್ಳೆಯನ್ನು ತುಂಬಿಸಿಕೊಂಡವರಂತೂ ಅದು ಪೂರ್ಣವಾಗಿ ಕರಗುವವರೆಗೆ ಸರ್ವಥಾ ಹೋಗಕೂಡದು. ಮೇಲೆ ಹೋದಂತೆ ಅನಿಲವು ಹಿಗ್ಗಿ ದೃಷ್ಟಿಯನ್ನೇ ಕಳೆಯಬಲ್ಲುದು.

ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ನಮ್ಮ ಹಿರಿಯರಲ್ಲಿ, ವಿಶೇಷವಾಗಿ ತಾಯಂದಿರಲ್ಲಿ, ತಮ್ಮ ಕಾಯಿಲೆಯನ್ನು ಮುಚ್ಚಿಡುವ ಅಭ್ಯಾಸವುಂಟು. "ಎದೆಯಲ್ಲಿ ಹಿಡಿದಂತಾಗುತ್ತದೆ ಎಂದರೆ ಪ್ರಯಾಣ ನಿಂತುಹೋದೀತು, ಮಗಳು ಒಬ್ಬಳೇ ಆಗಿಬಿಟ್ಟಾಳು" ಎಂಬ ಅಂಜಿಕೆ. ಇದು ವಾತ್ಸಲ್ಯವೇ ಹೌದು. ಆದರೆ ಇದರ ಫಲವು ವಾತ್ಸಲ್ಯಕ್ಕೆ ವಿರುದ್ಧವಾದುದು. ಹತ್ತು ದಿನದ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡ ಬಾಣಂತಿಯು ಪರದೇಶದ ಆಸ್ಪತ್ರೆಯಲ್ಲಿ ತಾಯಿಯ ಹಾಸಿಗೆಯ ಬಳಿ ಕುಳಿತಿರಬೇಕಾದರೆ, ಆ ತಾಯಿ ಹೋದ ಉದ್ದೇಶವೇ ಕೆಟ್ಟಿತಲ್ಲವೆ? ಮಕ್ಕಳ ಕಡೆಯಿಂದಲೂ ತಪ್ಪಿಲ್ಲದಿಲ್ಲ. "ಅಮ್ಮ ಬಂದರೆ ಎಲ್ಲವೂ ಸರಿಹೋಗುತ್ತದೆ" ಎನ್ನುವರೇ ಹೊರತು, ಅರವತ್ತೈದು ವರ್ಷದ ಅಮ್ಮನು ಆರು ತಿಂಗಳ ಕಾಲ ಅಡಿಗೆ, ಎಣ್ಣೆನೀರು, ರಾತ್ರಿಯ ಜಾಗರಣೆಗಳನ್ನು ತಡೆಯಬಲ್ಲಳೇ ಎಂದು ಕೇಳುವುದಿಲ್ಲ. ಆದುದರಿಂದ ಟಿಕೆಟು ಕೊಳ್ಳುವ ಮೊದಲೇ ತಾಯಿ, ತಂದೆ, ಮಕ್ಕಳು ಮೂವರೂ ಕೂಡಿ, ವೈದ್ಯರು ಹೇಳಿದ್ದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಮಾತನಾಡಿಕೊಳ್ಳತಕ್ಕದ್ದು. ಹೋಗಲು ಶಕ್ತಿಯಿಲ್ಲವೆಂದಾದರೆ ಹಾಗೆಂದು ಹೇಳುವುದರಲ್ಲಿ ಅವಮಾನವೇನೂ ಇಲ್ಲ. ಆರು ತಿಂಗಳಿಗೆ ಬದಲಾಗಿ ಎರಡು ತಿಂಗಳು ಹೋಗಿಬರಬಹುದು, ಇಲ್ಲವೆ ಕೂಸು ಕೊಂಚ ಬೆಳೆದ ಮೇಲೆ ಹೋಗಬಹುದು.

ಇನ್ನು ಚುಚ್ಚುಮದ್ದಿನ ವಿಚಾರ. ಎಳೆಗೂಸನ್ನು ಎತ್ತಿಕೊಳ್ಳಲು ಹೋಗುವ ಅಜ್ಜ ಅಜ್ಜಿಯರು ಎರಡನ್ನು ಮರೆಯಬಾರದು: ಒಂದು ನಾಯಿಕೆಮ್ಮಿನ ವಿರುದ್ಧವಾದ ಲಸಿಕೆ, ಇನ್ನೊಂದು ಇನ್‌ಫ್ಲೂಯೆಂಜಾ ಲಸಿಕೆ. ನಾಯಿಕೆಮ್ಮು ದೊಡ್ಡವರಿಗೆ ಬರಿಯ ಹಟಮಾರಿ ಕೆಮ್ಮಿನಂತೆ ತೋರಬಹುದು; ಎರಡು ತಿಂಗಳು ತುಂಬದ, ತನ್ನ ಮೊದಲ ಲಸಿಕೆಯನ್ನೇ ಪಡೆಯದ ಶಿಶುವಿಗೆ ಅದು ಪ್ರಾಣಾಂತಿಕವಾಗಬಲ್ಲುದು. ಈ ಲಸಿಕೆಗಳ ಫಲವು ಕೂಡಲೆ ಬಾರದು. ಕೂಸನ್ನು ಮುಟ್ಟುವುದಕ್ಕೆ ಎರಡು ವಾರಗಳ ಮೊದಲಾದರೂ ಹಾಕಿಸಿಕೊಂಡಿರಬೇಕು. ಬೇರೆ ದಿಕ್ಕುಗಳಿಗೆ ಹೋಗುವವರಿಗೆ ಬೇರೆ ನಿಯಮಗಳುಂಟು. ಹಜ್ ಯಾತ್ರಿಕರು ಮೆದುಳುಪೊರೆಯ ಜ್ವರದ ಲಸಿಕೆಯನ್ನು ಸೌದಿ ಅರೇಬಿಯಕ್ಕೆ ಸೇರುವ ಹತ್ತು ದಿನಗಳ ಮೊದಲಾದರೂ ಪಡೆದಿರಬೇಕು. ಆಫ್ರಿಕದ ಮತ್ತು ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಪಡೆಯಬೇಕು. ಚುಚ್ಚಿಸಿಕೊಂಡ ಹತ್ತು ದಿನಗಳ ಮೇಲೆ ಮಾತ್ರ ಅದು ಊರ್ಜಿತವಾಗುವುದು. ೨೦೧೬ನೆಯ ಇಸವಿಯ ಜುಲೈ ೧೧ರಿಂದ ಆ ಪತ್ರವು ಜೀವಮಾನಕ್ಕೆಲ್ಲ ಸಲ್ಲುತ್ತದೆ. ಅದಿಲ್ಲದೆ ಆ ನಾಡುಗಳಿಂದ ಭಾರತಕ್ಕೆ ಮರಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅರವತ್ತು ದಾಟಿದವರು ಆ ಲಸಿಕೆಯ ವಿಷಯದಲ್ಲಿ ಮೊದಲು ವೈದ್ಯರೊಡನೆ ವಿಮರ್ಶಿಸಬೇಕು.

ಔಷಧಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ದೊಡ್ಡ ಪೆಟ್ಟಿಗೆಗಳು ಒಮ್ಮೊಮ್ಮೆ ಬೇರೆ ಊರಿಗೆ ಹೋಗಿಬಿಡುವುವು. ಅಲ್ಲದೆ ವಿಮಾನದ ಸಾಮಾನಿನ ಕೋಣೆಯ ಚಳಿಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡುವ ಭಯವಿದೆ. ಗುಳಿಗೆಗಳನ್ನು ಡಬ್ಬಿಗೆ ಸುರಿದುಕೊಳ್ಳದೆ ಕೊಂಡ ಪಟ್ಟಿಯಲ್ಲಿಯೇ ಇರಿಸಿ, ವ್ಯಾಪಾರದ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಬರೆದ ಚೀಟಿಯನ್ನು ವೈದ್ಯರಿಂದ ಇಂಗ್ಲಿಷಿನಲ್ಲಿ ಬರೆಯಿಸಿಕೊಳ್ಳಬೇಕು. ಅಮೆರಿಕಕ್ಕೆ ಹೋಗುವವರು ಸಾಮಾನ್ಯವಾಗಿ ತೊಂಬತ್ತು ದಿನಗಳಿಗೆ ಸಾಲುವಷ್ಟು ಔಷಧವನ್ನು ಮಾತ್ರ ಒಯ್ಯಬಹುದೆಂಬುದು ಅಲ್ಲಿನ ನಿಯಮ. ಅದಕ್ಕಿಂತ ಹೆಚ್ಚು ಕಾಲ ನಿಲ್ಲುವವರು ಉಳಿದುದನ್ನು ಆಮೇಲೆ ತರಿಸಿಕೊಳ್ಳುವ ಕ್ರಮವನ್ನು ಮೊದಲೇ ಏರ್ಪಡಿಸಿಕೊಳ್ಳಬೇಕು. ಮಾರ್ಗದ ದೇಶಗಳ ಕಾನೂನನ್ನೂ ನೋಡಬೇಕು. ನಮ್ಮ ಪಾಯಸದ ಗಸಗಸೆಯು ಅಫೀಮಿನ ಗಿಡದ ಬೀಜವಾದ್ದರಿಂದ ದುಬೈ, ಅಬುಧಾಬಿಗಳು ಸೇರಿದ ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಸಿಂಗಪುರದಲ್ಲಿಯೂ ನಿಷಿದ್ಧವಾಗಿದೆ. ಕೊಡೀನ್ ಬೆರೆತ ಕೆಮ್ಮಿನ ಔಷಧಕ್ಕೂ ಅಂತಹ ಕಡೆಗಳಲ್ಲಿ ಕಟ್ಟುನಿಟ್ಟಿದೆ.

ಪ್ರಯಾಣದ ವಿಮೆಯನ್ನು ಕೊಳ್ಳುವಾಗಲೂ ಮೊದಲೇ ಇದ್ದ ರೋಗಗಳನ್ನು ಮುಚ್ಚಿಡಕೂಡದು. ಮುಚ್ಚಿಟ್ಟ ಸಂಗತಿ ಹೊರಬಿದ್ದರೆ ವಿಮೆಯವರು ಹಣವನ್ನು ಕೊಡದೆ ಹೋಗಬಹುದು. ಆಗ ಆಸ್ಪತ್ರೆಯ ಲೆಕ್ಕವು ಮಕ್ಕಳ ಅನೇಕ ವರ್ಷಗಳ ಉಳಿತಾಯವನ್ನು ನುಂಗಿಹಾಕುವುದು. ಹಳೆಯ ರೋಗಗಳ ದೆಸೆಯಿಂದ ಬರುವ ವೆಚ್ಚವನ್ನು ವಿಮೆಯು ಎಷ್ಟರಮಟ್ಟಿಗೆ ಭರಿಸುವುದೆಂಬುದನ್ನು ಪತ್ರದಲ್ಲಿ ಓದಿ ನೋಡಿಯೇ ರುಜು ಹಾಕತಕ್ಕದ್ದು.

ಹಾದಿಯಲ್ಲಿ

ಮೊದಲು ವಾಯು. ವಿಮಾನದೊಳಗಿನ ಗಾಳಿಯ ಒತ್ತಡವು ನೆಲದ ಮೇಲಿನಷ್ಟಿರುವುದಿಲ್ಲ. ಆರರಿಂದ ಎಂಟು ಸಾವಿರ ಅಡಿಗಳ ಎತ್ತರದಲ್ಲಿರುವಷ್ಟು ಇರುತ್ತದೆ. ಎಂದರೆ, ಮುಳ್ಳಯ್ಯನಗಿರಿಯ ಶಿಖರದ ಮೇಲೋ ಉದಕಮಂಡಲದಲ್ಲಿಯೋ ಕುಳಿತಂತೆ. ಆರೋಗ್ಯವಂತನಿಗೆ ಇದರಿಂದ ಬಾಧೆಯಿಲ್ಲ. ಹೃದಯ ಅಥವಾ ಶ್ವಾಸಕೋಶಗಳು ದುರ್ಬಲವಾದವರಿಗೆ ಪ್ರಾಣವಾಯುವು ಸಾಲದೆ ಆಯಾಸವಾಗಬಹುದು. ಅಂಥವರು ಬೇಕಾದ ಏರ್ಪಾಡನ್ನು ವಿಮಾನ ಸಂಸ್ಥೆಯವರೊಡನೆ ಮುಂದಾಗಿಯೇ ಮಾಡಿಕೊಳ್ಳಬೇಕು. ವಿಮಾನವು ಇಳಿಯುವಾಗ ಕಿವಿ ಹಿಡಿದರೆ ಉಗುಳು ನುಂಗುತ್ತಿದ್ದರೆ ಸಾಕು. ಕೂಸುಗಳಿಗೆ ಆ ಹೊತ್ತಿನಲ್ಲಿ ಹಾಲೂಡಿಸಬೇಕು.

ಎರಡನೆಯದು ಜಲ. ವಿಮಾನದ ಗಾಳಿ ಬಹಳ ಒಣಗಿದ್ದು. ಅದರಲ್ಲಿ ತೇವವು ಸಾಮಾನ್ಯವಾಗಿ ಶೇಕಡ ಇಪ್ಪತ್ತಕ್ಕಿಂತಲೂ ಕಡಮೆ. ಶೌಚಾಲಯಕ್ಕೆ ಎದ್ದುಹೋಗಲು ಸಂಕೋಚಪಟ್ಟು ನೀರನ್ನೇ ಕುಡಿಯದೆ ಕುಳಿತುಕೊಳ್ಳುವ ಹೆಂಗಸರು ಅನೇಕರು. ಇದು ಸಲ್ಲದು. ಆಗಾಗ ಗುಟುಕು ನೀರು ಕುಡಿಯಬೇಕು. ಎದ್ದುಹೋಗುವುದರಿಂದ ಕಾಲಿಗೂ ಹಿತವುಂಟು.

ಆ ಹಿತವೇನೆಂಬುದನ್ನು ವಿವರಿಸುವೆನು. ಕಾಲುಗಳನ್ನು ಜೋಲುಬಿಟ್ಟು ಬಹಳ ಹೊತ್ತು ಅಲುಗದೆ ಕುಳಿತರೆ ಮೀನಖಂಡದ ಒಳಗಣ ರಕ್ತನಾಳಗಳಲ್ಲಿ ರಕ್ತವು ಮಂದವಾಗಿ ಹರಿದು ಕರಣೆಗಟ್ಟುವ ಸಂಭವವಿದೆ. ಆ ಕರಣೆ ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಇದು ವಿಮಾನದಿಂದಲೇ ಹುಟ್ಟಿದ ರೋಗವಲ್ಲ. ೧೯೪೦ರಲ್ಲಿ ಲಂಡನ್ ನಗರದ ಮೇಲೆ ಬಾಂಬುಗಳು ಬೀಳುತ್ತಿದ್ದಾಗ, ಆಶ್ರಯಸ್ಥಾನಗಳಲ್ಲಿ ಮಡಿಚುವ ಕುರ್ಚಿಗಳ ಮೇಲೆ ರಾತ್ರಿಯೆಲ್ಲ ಕುಳಿತವರಲ್ಲಿ ಕೆಲವರು ಹೀಗೆಯೇ ಹಠಾತ್ತಾಗಿ ಸತ್ತುದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ಪ್ರಕಟಿಸಿದರು. ನಾಲ್ಕು ಗಂಟೆಗಳನ್ನು ಮೀರಿದ ಪ್ರಯಾಣದಲ್ಲಿ ಈ ಅಪಾಯವು ಸುಮಾರು ಇಮ್ಮಡಿಯಾಗುವುದೆಂದೂ, ಆದರೂ ಆರೋಗ್ಯವಂತರಲ್ಲಿ ಸುಮಾರು ಆರು ಸಾವಿರಕ್ಕೆ ಒಬ್ಬರಿಗೆ ಮಾತ್ರ ಬರುವುದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ೨೦೦೭ರಲ್ಲಿ ತಿಳಿಸಿತು. ರೈಲು, ಬಸ್ಸುಗಳ ದೀರ್ಘಪ್ರಯಾಣಕ್ಕೂ ಈ ಮಾತು ಅನ್ವಯಿಸುತ್ತದೆ. ಆದುದರಿಂದ ಹೆದರಬೇಕಾದುದಿಲ್ಲ, ಉದಾಸೀನವೂ ಕೂಡದು. ಗಂಟೆಗೊಮ್ಮೆ ಹಿಮ್ಮಡಿಯನ್ನೂ ಅಂಗಾಲ ಮುಂಭಾಗವನ್ನೂ ಸರದಿಯಾಗಿ ಎತ್ತಿ ಇಳಿಸಬೇಕು. ಎರಡು ಗಂಟೆಗೊಮ್ಮೆಯಾದರೂ ಎದ್ದು ನಡೆದಾಡಬೇಕು. ಕಾಲಬಳಿಯ ಜಾಗವನ್ನು ಚೀಲದಿಂದ ತುಂಬಬಾರದು. ನಿದ್ರೆಯ ಗುಳಿಗೆಯನ್ನು ನುಂಗಿ ಮುದುರಿಕೊಂಡು ಮಲಗಬಾರದು. ಹಿಂದೆ ಇಂತಹ ಕರಣೆ ಕಟ್ಟಿದ್ದವರು, ಅರ್ಬುದರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು, ಈಚೆಗೆ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಬಿಗಿಯಾದ ಕಾಲುಚೀಲವೋ ಔಷಧವೋ ಬೇಕೇ ಎಂದು ವೈದ್ಯರನ್ನು ಕೇಳಿ ತಿಳಿಯಬೇಕು. ಯಾರೋ ಹೇಳಿದರೆಂದು ತಾವಾಗಿಯೇ ಆಸ್ಪಿರಿನ್ ತೆಗೆದುಕೊಳ್ಳಬಾರದು.

ಮಧುಮೇಹಿಗಳಿಗೆ ಇನ್ನೊಂದು ತೊಡಕು. ಪಶ್ಚಿಮಕ್ಕೆ ಹಾರಿದರೆ ಆ ದಿನವು ಉದ್ದವಾಗುವುದು, ಪೂರ್ವಕ್ಕೆ ಹಾರಿದರೆ ಕಿರಿದಾಗುವುದು. ಇನ್ಸುಲಿನ್ ಚುಚ್ಚಿಕೊಳ್ಳುವವರು ಗಡಿಯಾರವನ್ನು ನೋಡಿ ಎಂದಿನಂತೆ ಚುಚ್ಚಿಕೊಂಡರೆ ಸಕ್ಕರೆಯ ಅಂಶವು ವಿಪರೀತವಾಗಿ ಏರಬಹುದು ಅಥವಾ ಇಳಿಯಬಹುದು. ಯಾವ ಹೊತ್ತಿಗೆ ಎಷ್ಟು ಎಂಬ ಪಟ್ಟಿಯನ್ನು ವೈದ್ಯರಿಂದ ಬರೆಯಿಸಿಕೊಂಡೇ ಹೊರಡಬೇಕು. ತಿನ್ನಲು ಏನಾದರೊಂದು ಸಿಹಿಯನ್ನು ಕೈಗೆಟಕುವಂತೆ ಇಟ್ಟುಕೊಳ್ಳಬೇಕು.

ಅಲ್ಲಿ ಇರುವಾಗ

ಚರಕರು ಕಾಲವನ್ನೇ ತಪ್ಪಿಸಿಕೊಳ್ಳಲು ಅತಿ ಕಷ್ಟವಾದುದೆಂದು ಎಣಿಸಿದರು. ನಮ್ಮ ಪ್ರಯಾಣಿಕರ ಅನುಭವವೂ ಹಾಗೆಯೇ ಇದೆ. ಚಳಿಗಾಲದಲ್ಲಿ ನ್ಯೂಯಾರ್ಕಿನ ಗಡಿಯಾರವು ನಮ್ಮದಕ್ಕಿಂತ ಹತ್ತೂವರೆ ಗಂಟೆ ಹಿಂದೆ, ಸಾನ್‌ಫ್ರಾನ್ಸಿಸ್ಕೋದ್ದು ಹದಿಮೂರೂವರೆ ಗಂಟೆ ಹಿಂದೆ. ನಮ್ಮ ಹಗಲು ಅಲ್ಲಿನ ಇರುಳು. ದೇಹದೊಳಗೂ ಒಂದು ಗಡಿಯಾರವಿದೆ. ಅದರ ಯಂತ್ರವನ್ನು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಒಳಗಡಿಯಾರವು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ತಿದ್ದಿಕೊಳ್ಳುತ್ತದೆ. ಅದನ್ನು ತಿದ್ದುವ ಮುಖ್ಯ ಸಾಧನ ಸೂರ್ಯನ ಬೆಳಕು. ಆದುದರಿಂದ ಹೋದ ದಿನದಿಂದಲೇ ಅಲ್ಲಿಯ ಹೊತ್ತಿಗೆ ಉಣ್ಣಬೇಕು, ಹಗಲು ಹೊರಗೆ ಬಿಸಿಲಿನಲ್ಲಿ ತಿರುಗಾಡಬೇಕು, ಮಧ್ಯಾಹ್ನ ಅರ್ಧ ಗಂಟೆಗಿಂತ ಹೆಚ್ಚು ಮಲಗಬಾರದು. ಹೆರಿಗೆಯ ದಿನಕ್ಕಿಂತ ಎರಡು ವಾರವಾದರೂ ಮುಂಚೆ ಹೋಗಿ ಸೇರಿದರೆ, ಕೂಸು ಬರುವ ವೇಳೆಗೆ ಅಜ್ಜಿಯ ನಿದ್ರೆಯು ಒಂದು ಕ್ರಮಕ್ಕೆ ಬಂದಿರುವುದು.

ದೇಶದ ಬದಲಾವಣೆಯೂ ಸಾಮಾನ್ಯವಲ್ಲ. ಹಿಮಗಟ್ಟಿದ ಹಾದಿಯಲ್ಲಿ ಚಪ್ಪಲಿ ಮೆಟ್ಟಿ ಹೊರಟು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ತಿಂಗಳುಗಟ್ಟಲೆ ಹಾಸಿಗೆ. ಹಿಡಿತವುಳ್ಳ ಬೂಟುಗಳನ್ನೇ ಹಾಕಿಕೊಳ್ಳಬೇಕು. ಬಾಣಂತಿಗೂ ಕೂಸಿಗೂ ಧೂಪ ಹಾಕಲು ಮನೆಯೊಳಗೆ ಇದ್ದಲಿನ ಕೆಂಡವನ್ನು ಮಾಡುವ ಪದ್ಧತಿಯನ್ನು ಅಲ್ಲಿ ಬಿಟ್ಟುಬಿಡಬೇಕು. ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತಿದ್ದ ನಮ್ಮ ಹಳೆಯ ಮನೆಗಳು ಬೇರೆ, ಚಳಿಗೆ ಎಲ್ಲ ಕಿಟಕಿಗಳನ್ನೂ ಬಿಗಿದ ಆ ಮನೆಗಳು ಬೇರೆ. ಕೆಂಡದಿಂದ ಏಳುವ ಬಣ್ಣವಾಸನೆಗಳಿಲ್ಲದ ವಿಷಾನಿಲವು ಮಲಗಿದವರನ್ನು ಮಲಗಿದಂತೆಯೇ ಕೊಲ್ಲಬಲ್ಲುದು. ಹಾಗೆಯೇ ಕೂಸಿಗೆ ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುವುದೂ ಬೇಡ. ಒಂದು ವರ್ಷ ತುಂಬದ ಶಿಶುಗಳಿಗೆ ಜೇನಿನಿಂದ ಬಾಟುಲಿಸಂ ಎಂಬ ಭಯಂಕರ ರೋಗ ಬರಬಹುದೆಂದು ೧೯೭೬ರಿಂದ ಈಚೆಗೆ ತಿಳಿದುಬಂದಿದೆ. ಅಂಗಡಿಯ ಕಾಡಿಗೆ, ಸುರುಮಗಳಲ್ಲಿ ಕೆಲವದರಲ್ಲಿ ಸೀಸವಿರುವುದುಂಟು. "ನಮ್ಮ ಮಕ್ಕಳೆಲ್ಲ ಹೀಗೆಯೇ ಬೆಳೆಯಲಿಲ್ಲವೇ?" ಎಂದು ಕೆಲವರು ಕೇಳಬಹುದು. ಬೆಳೆದವರು ನಮ್ಮ ಕಣ್ಣಮುಂದಿರುವರು. ಬೆಳೆಯದೆ ಹೋದವರ ಎಣಿಕೆಯನ್ನು ನಾವು ಇಡಲಿಲ್ಲವೆಂಬುದೇ ಅದಕ್ಕೆ ಉತ್ತರ. ಈ ವಿಷಯಗಳಲ್ಲಿ ಮಗಳು ಅಲ್ಲಿನ ವೈದ್ಯರ ಮಾತನ್ನು ಹಿಡಿದರೆ ಅಜ್ಜಿಯು ಅದನ್ನು ತನಗಾದ ಅನಾದರವೆಂದು ಬಗೆಯಬಾರದು.

ಔಷಧದ ಹೆಸರುಗಳಲ್ಲಿಯೂ ಎಚ್ಚರ ಬೇಕು. ನಾವು ಪ್ಯಾರಾಸಿಟಮಾಲ್ ಎನ್ನುವುದನ್ನೇ ಅಮೆರಿಕದಲ್ಲಿ ಅಸಿಟಮಿನೋಫೆನ್ ಎನ್ನುವರು. ಎರಡೂ ಬೇರೆಯೆಂದು ತಿಳಿದು ಎರಡನ್ನೂ ನುಂಗಿದರೆ ಯಕೃತ್ತಿಗೆ ಹಾನಿ. ಇಂಗ್ಲೆಂಡ್, ಕೆನಡ, ಆಸ್ಟ್ರೇಲಿಯಗಳಲ್ಲಿ ರಕ್ತದ ಸಕ್ಕರೆಯನ್ನು ಬೇರೆ ಮಾನದಲ್ಲಿ ಹೇಳುವರು. ಅವರ ಸಂಖ್ಯೆಯನ್ನು ಹದಿನೆಂಟರಿಂದ ಗುಣಿಸಿದರೆ ನಮ್ಮದು ಬರುವುದು. ಅವರ ೭ ಎಂದರೆ ನಮ್ಮ ೧೨೬. ಆಪತ್ತಿನಲ್ಲಿ ಕರೆಯಬೇಕಾದ ಸಂಖ್ಯೆಯನ್ನು, ಅಮೆರಿಕದಲ್ಲಿ ೯೧೧, ಇಂಗ್ಲೆಂಡಿನಲ್ಲಿ ೯೯೯, ಆಸ್ಟ್ರೇಲಿಯದಲ್ಲಿ ೦೦೦, ಮನೆಯ ವಿಳಾಸದೊಡನೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಬೇಕು. ಅಳಿಯನು ಕೆಲಸಕ್ಕೆ ಹೋದಾಗ ಮನೆಯಲ್ಲಿರುವವರು ಬಾಣಂತಿ, ಕೂಸು, ವೃದ್ಧರು ಮಾತ್ರ.

ಇನ್ನೊಂದು ವ್ಯಾಧಿಯುಂಟು; ಅದು ಯಾವ ಯಂತ್ರದಿಂದಲೂ ಅಳೆಯಲಾಗದುದು. ಬೆಳಗ್ಗೆ ಹೂವಿನವಳೊಡನೆ, ಸಂಜೆ ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಜನರೊಡನೆ ಮಾತನಾಡಿ ರೂಢಿಯಿದ್ದವರಿಗೆ, ಮೂರು ಗಂಟೆಗೆಲ್ಲ ಮಬ್ಬು ಕವಿಯುವ ಚಳಿಗಾಲದಲ್ಲಿ, ಕಾರನ್ನು ನಡೆಸಲಾರದೆ ಮನೆಯಲ್ಲಿಯೇ ಕುಳಿತಿರುವುದು ಸೆರೆವಾಸದಂತಾಗುವುದು. ಹಸಿವು ಹೋಗುವುದು, ನಿದ್ರೆ ಕೆಡುವುದು, ಸಣ್ಣ ಮಾತಿಗೂ ಕಣ್ಣು ತುಂಬುವುದು. ಇದನ್ನು ಮೊಂಡುತನವೆಂದು ಮಕ್ಕಳು ಭಾವಿಸಬಾರದು. ವಾರಕ್ಕೆರಡು ಸಲವಾದರೂ ತಾಯಿತಂದೆಯರನ್ನು ಹೊರಗೆ ಕರೆದೊಯ್ಯಬೇಕು. ಹತ್ತಿರದಲ್ಲಿ ಕನ್ನಡಕೂಟವಿದ್ದರೆ ಅಲ್ಲಿಗೆ ಪರಿಚಯ ಮಾಡಿಸಬೇಕು. ದಿನಕ್ಕೆ ಕೆಲವು ಗಂಟೆಗಳನ್ನಾದರೂ ಅವರ ಪಾಲಿಗೆ ಬಿಡಬೇಕು.

ಮರಳಿದ ಮೇಲೆ

ಮನೆಗೆ ಬಂದೊಡನೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಕಾಲಿನ ಕರಣೆಯು ಪ್ರಯಾಣವಾದ ಕೆಲವು ವಾರಗಳ ಮೇಲೂ ತೋರಬಹುದು. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಕಾರಣವಿಲ್ಲದೆ ಉಸಿರು ಕಟ್ಟಿದರೆ, ಅಮೃತಾಂಜನ ಹಚ್ಚಿಕೊಂಡು ಕುಳಿತಿರದೆ ಕೂಡಲೆ ಆಸ್ಪತ್ರೆಗೆ ಹೋಗಬೇಕು. ಅಮೆರಿಕದಿಂದ ಪೂರ್ವಾಭಿಮುಖವಾಗಿ ಬಂದವರಿಗೆ ನಿದ್ರೆಯು ಸರಿಹೋಗಲು ಹೋಗುವಾಗಿನದಕ್ಕಿಂತ ಹೆಚ್ಚು ದಿನಗಳು ಹಿಡಿಯುವುದುಂಟು. ಆ ದಿನಗಳಲ್ಲಿ ವಾಹನ ನಡೆಸುವುದು ಬೇಡ. ಆಫ್ರಿಕದಂತಹ ಮಲೇರಿಯಾ ನಾಡುಗಳಿಂದ ಬಂದವರಿಗೆ ಮೂರು ತಿಂಗಳೊಳಗೆ, ಕೆಲವೊಮ್ಮೆ ವರ್ಷದೊಳಗೆ, ಜ್ವರ ಬಂದರೂ ತಾವು ಎಲ್ಲಿಗೆ ಹೋಗಿದ್ದೆವೆಂಬುದನ್ನು ವೈದ್ಯರಿಗೆ ತಾವಾಗಿಯೇ ಹೇಳಿ ಅಂದೇ ರಕ್ತಪರೀಕ್ಷೆ ಮಾಡಿಸಬೇಕು.

ಕಡೆಯದಾಗಿ, ಆ ಮೊಮ್ಮಕ್ಕಳು ಬೆಳೆದು ಬೇಸಗೆಯ ರಜೆಯಲ್ಲಿ ಇಲ್ಲಿಗೆ ಬರುವರು. "ಇದು ಅವರ ಸ್ವಂತ ಮನೆಯೇ ತಾನೆ!" ಎಂದು ನಾವು ಅಸಡ್ಡೆಮಾಡುತ್ತೇವೆ. ಮನೆ ಅವರದೇ, ಇಲ್ಲಿನ ನೀರು ಮಾತ್ರ ಅವರ ಹೊಟ್ಟೆಗೆ ಹೊಸದು. ಹೊರಡುವ ಮೊದಲು ವಿಷಮಶೀತಜ್ವರದ ಲಸಿಕೆ ಹಾಕಿಸಿಕೊಂಡು ಬರಲು ಅವರ ತಾಯಿತಂದೆಯರಿಗೆ ತಿಳಿಸಬೇಕು. ಇಲ್ಲಿ ಕುದಿಸಿ ಆರಿಸಿದ ನೀರನ್ನೇ ಕೊಡಬೇಕು. ಡೆಂಗೆ ಜ್ವರದ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಹಗಲೂ ಮೈತುಂಬ ಬಟ್ಟೆ ತೊಡಿಸಬೇಕು. ಭೇದಿಯಾದರೆ, ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಕದಡಿ ಆಗಾಗ ಕುಡಿಸಬೇಕು. ಇಲ್ಲಿ ಚಮಚವೆಂದರೆ ಚಹದ ಸಣ್ಣ ಚಮಚ. ೧೯೭೧ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬಿಸ್ ಅವರು ಇಂತಹ ಉಪ್ಪುಸಕ್ಕರೆಯ ನೀರಿನಿಂದಲೇ ವಾಂತಿಭೇದಿಯ ರೋಗಿಗಳನ್ನು ಅಸಂಖ್ಯರಾಗಿ ಉಳಿಸಿದರು.

ಇದನ್ನೆಲ್ಲ ಓದಿ ಯಾರೂ ಪ್ರಯಾಣಕ್ಕೆ ಹಿಂದೆಗೆಯಬೇಕಾಗಿಲ್ಲ. ಮೊಮ್ಮಗುವಿನ ಮುಖವನ್ನು ಮೊದಲ ವಾರದಲ್ಲಿಯೇ ನೋಡುವ ಭಾಗ್ಯ ಸಣ್ಣದಲ್ಲ. ಈ ಲೇಖನವನ್ನು ಓದಿದ ಮನೆಗಳಲ್ಲಿ ಯಾರಾದರೂ ಹೊರಡುವ ಸಿದ್ಧತೆಯಲ್ಲಿದ್ದರೆ, ಇಂದೇ ಸಂಜೆ ಅವರನ್ನು ಕೂರಿಸಿಕೊಂಡು, "ನಿಮ್ಮ ಮೈ ಹೇಗಿದೆ, ನಿಜ ಹೇಳಿ" ಎಂದು ಕೇಳಿರಿ. ಅವರು ಒಡನೆಯೇ "ನನಗೇನಾಗಿದೆ?" ಎಂದರೆ ಅಷ್ಟಕ್ಕೇ ಬಿಡದೆ ಮತ್ತೊಮ್ಮೆ ಕೇಳಿರಿ.